ಒಂದನೇ ತಟ್ಟೆಯ ಟೀಚರ್

ಮುನವ್ವರಾ ಟೀಚರ್‌ಗೆ ಐವತ್ತೆರಡು ವರ್ಷ, ಅವಳ ಮೊಣಕಾಲಿಗೆ ಮಾತ್ರ ಎಪ್ಪತ್ತು. ಮೊದಲೆಲ್ಲ ಈ ಮಾತನ್ನು ಅವಳೇ ಹೇಳಿ ಅವಳೇ ನಗುತ್ತಿದ್ದಳು. ಈಚೆಗೆ ಹೇಳುವುದು ಉಳಿದಿದೆ, ನಗು ಎಲ್ಲೋ ಬಸ್ಸಿನಲ್ಲಿ ಬಿದ್ದುಹೋಗಿದೆ.

ಬೆಳಗಾವಿಯ ರಾಮತೀರ್ಥ ನಗರದಿಂದ ಖಾನಾಪುರದ ಸರ್ಕಾರಿ ಕನ್ನಡ ಸಾಲಿಗೆ ಹನ್ನೊಂದು ವರ್ಷದಿಂದ ದಿನಾ ಹೋಗಿ ಬರುತ್ತಿದ್ದಾಳೆ. ಬೆಳಗಿನ ಬಸ್ಸಿನಲ್ಲಿ ದೇಸೂರ ಬರುವವರೆಗೆ ನಿಂತೇ ಇರಬೇಕು. ಅಲ್ಲಿ ಕಾರ್ಖಾನೆಯ ಕೆಲಸಗಾರರು ಇಳಿದ ಮೇಲೆ ಸೀಟು ಸಿಗುತ್ತದೆ. ಆದರೆ ಬಸ್ಸಿನಲ್ಲಿ ನಿಲ್ಲುವುದು ದೊಡ್ಡ ಕಷ್ಟವಲ್ಲ. ಸಾಲಿಗೆ ಬಂದ ಮೇಲೆ ನೆಲದ ಮೇಲೆ ಕುಳಿತು ಏಳುವುದು, ಎದ್ದು ಮತ್ತೆ ಕೂರುವುದು, ದಿನಕ್ಕೆ ಅರವತ್ತು ಸಲ, ಅದು ಕಷ್ಟ. ನಮಾಜಿಗೂ ಕುರ್ಚಿ ಹಾಕಿಕೊಳ್ಳಬಹುದು ಎಂದು ದೊಡ್ಡವರು ಹೇಳಿದ್ದಾರೆ. ನಲಿ-ಕಲಿ ತರಗತಿಗೆ ಕುರ್ಚಿ ಹಾಕಿಕೊಳ್ಳಬಹುದು ಎಂದು ಯಾರೂ ಹೇಳಿಲ್ಲ.

ನಲಿ-ಕಲಿ ಎಂದರೆ ಒಂದು, ಎರಡು, ಮೂರನೇ ಇಯತ್ತೆಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ತಾವೇ ಕಲಿಯುವುದು. ನೆಲದ ಮೇಲೆ ಐದು ಗುಂಪು. ಗುಂಪಿಗೆ ತಟ್ಟೆ ಎಂದು ಹೆಸರು. ಒಂದನೇ ತಟ್ಟೆಯ ಮಕ್ಕಳಿಗೆ ಟೀಚರ್ ಪೂರ್ತಿ ಸಹಾಯ ಮಾಡಬೇಕು, ಎರಡನೆಯದಕ್ಕೆ ಅರ್ಧ. ಮೂರು ಮತ್ತು ನಾಲ್ಕರಲ್ಲಿ ಗೆಳೆಯರೇ ಗೆಳೆಯರಿಗೆ ಹೇಳಿಕೊಡಬೇಕು. ಐದನೇ ತಟ್ಟೆಯವರಿಗೆ ಯಾರೂ ಬೇಡ, ಅವರು ಸ್ವಂತ ಕಲಿಯುವವರು. ಗೋಡೆಯ ಮೇಲೆ ಒಂದು ಏಣಿಯ ಚಿತ್ರ. ಒಂದೊಂದು ಕಾರ್ಡು ಮುಗಿದಾಗಲೂ ಮಗು ಏಣಿಯಲ್ಲಿ ಒಂದು ಮೆಟ್ಟಿಲು ಮೇಲೇರಿ, ತನ್ನ ಹೆಸರಿನ ಮುಂದೆ ತಾನೇ ಗುರುತು ಹಾಕುತ್ತದೆ.

ಕೇಳಲಿಕ್ಕೆ ಎಷ್ಟು ಚಂದ! ತರಬೇತಿಯಲ್ಲಿ ಕೇಳಿದಾಗ ಮುನವ್ವರಾಳ ಕಣ್ಣಲ್ಲಿ ನೀರೇ ಬಂದಿತ್ತು. ಬೆತ್ತವಿಲ್ಲದ, ಕಂಠಪಾಠವಿಲ್ಲದ ಸಾಲಿ. ಆದರೆ ಇಪ್ಪತ್ತೆಂಟು ಮಕ್ಕಳನ್ನು ಐದು ತಟ್ಟೆಯಲ್ಲಿ ಕೂರಿಸುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಒಂದನೇ ತಟ್ಟೆಯಲ್ಲಿ ಒಬ್ಬನಿಗೆ ‘ಗ’ ತಿದ್ದಿಸುವ ಹೊತ್ತಿಗೆ ಮೂರನೇ ತಟ್ಟೆಯಲ್ಲಿ ಕಾರ್ಡಿಗಾಗಿ ಜುಟ್ಟು ಜಗ್ಗಾಟ. ಅದನ್ನು ಬಿಡಿಸಿ ಬರುವಷ್ಟರಲ್ಲಿ ‘ಗ’ ಮಾಯ. ಇದರ ಮೇಲೆ ಅರ್ಧ ಮಕ್ಕಳ ಮನೆಮಾತು ಮರಾಠಿ. ಟೀಚರ್ ಮನೆಮಾತು ಉರ್ದು. ಕನ್ನಡ ಎಂಬುದು ಆ ಕೋಣೆಯೊಳಗೆ ಎಲ್ಲರೂ ಸೇರಿ ಬಾಡಿಗೆಗೆ ಹಿಡಿದ ಮನೆ ಇದ್ದಂತೆ.

ಆದರೂ ಅವಳ ತರಗತಿಗೆ ತಾಲೂಕಿನಲ್ಲೆಲ್ಲ ಹೆಸರಿತ್ತು, ಕಾರಣ ಅವಳ ಕಾರ್ಡುಗಳು. ಖಾನಾಪುರದ ಮಳೆಗೆ ಅಚ್ಚಿನ ಕಾರ್ಡುಗಳು ಬೂಸ್ಟು ಹಿಡಿದು ಹಪ್ಪಳವಾದಾಗ ಮುನವ್ವರಾ ಎಲ್ಲವನ್ನೂ ದಪ್ಪ ರಟ್ಟಿನ ಮೇಲೆ ಕೈಯಿಂದಲೇ ಹೊಸದಾಗಿ ಬರೆದಳು. ಪ್ರತಿ ಕಾರ್ಡಿನ ಮೂಲೆಯಲ್ಲಿ ಏಣಿಯ ಮೆಟ್ಟಿಲು ಗುರುತಿಸಲು ಒಂದು ಚಿತ್ರ ಇರಬೇಕು. ಮೊಲ, ಗಿಳಿ, ಕೊಡೆ, ಬಸ್ಸು. ಅಚ್ಚಿನ ಕಾರ್ಡಿನಲ್ಲಿ ಅದು ಗುಂಡಿಯಷ್ಟು ಚಿಕ್ಕದಿತ್ತು. ಮುನವ್ವರಾ ಅಂಗೈಯಷ್ಟು ದೊಡ್ಡದು ಬರೆದಳು. ನವಿಲಿನ ಗರಿಗೆ ಏಳು ಬಣ್ಣ, ಕೋಳಿಯ ಜುಟ್ಟಿಗೆ ಎರಡು ಥರದ ಕೆಂಪು. ಬಂದವರೆಲ್ಲ ಕಾರ್ಡು ಎತ್ತಿ ಎತ್ತಿ ನೋಡುತ್ತಿದ್ದರು.

ನೋಡಲೇಬೇಕು, ಅವಳು ಪೇಂಟರ್ ಮನೆತನದವಳು. ಅಪ್ಪ ಮದಾರಸಾಬ ಬೆಳಗಾವಿಯ ಅರ್ಧ ಬಜಾರಕ್ಕೆ ಬೋರ್ಡು ಬರೆದವನು. ಹಿಟ್ಟಿನ ಗಿರಣಿ, ಖಾನಾವಳಿ, ಟೇಲರ್ ಅಂಗಡಿ, ಯಾವುದೇ ಇರಲಿ, ಅಂಗಡಿಯವನು ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ಮದಾರಸಾಬ ತಗಡಿನ ಮೇಲೆ ಸುಣ್ಣದ ದಾರ ಬಡಿದು, ಅಕ್ಷರ ಇಳಿಸುತ್ತಿದ್ದ. ಕನ್ನಡವೋ ಮರಾಠಿಯೋ, ಒಂದು ಕೊಂಬೂ ಸೊಟ್ಟಗಾಗುತ್ತಿರಲಿಲ್ಲ. ಆದರೆ ಅವನಿಗೆ ಓದಲು ಬರುತ್ತಿರಲಿಲ್ಲ. ಒಂದಕ್ಷರವೂ ಬರುತ್ತಿರಲಿಲ್ಲ. ಅವನಿಗೆ ಅಕ್ಷರವೂ ನವಿಲೂ ಒಂದೇ, ಎರಡೂ ನೋಡಿ ಬರೆಯುವ ಚಿತ್ರ.

ಈ ಗುಟ್ಟು ಊರಿಗೆ ಗೊತ್ತಿರಲಿಲ್ಲ. ಎರಡನೇ ಇಯತ್ತೆಯ ಮುನವ್ವರಾಳಿಗೆ ಗೊತ್ತಿತ್ತು. ಬಣ್ಣ ಆರುವ ಹೊತ್ತಿಗೆ ಅಪ್ಪ ಅವಳನ್ನು ಬಾಜುಕ್ಕೆ ಕರೆದು, ಬೀಡಿ ಹಚ್ಚಿಕೊಂಡು, ಮೆಲ್ಲಗೆ ಕೇಳುತ್ತಿದ್ದ: “ಕ್ಯಾ ಲಿಖ್ಯಾ ಮೈಂ, ಬೋಲ್ ಬೇಟಾ.” ನಾನು ಏನು ಬರೆದೆ, ಹೇಳು ಮಗಳೇ. ಅವಳು ಓದಿ ಹೇಳಿದರೆ ತಲೆ ಆಡಿಸುತ್ತಿದ್ದ. ಬೇರೆ ಯಾರಾದರೂ ಕಾಗದ ಹಿಡಿದು ಬಂದು ಓದು ಎಂದರೆ ಅವನ ಉತ್ತರ ಯಾವಾಗಲೂ ಒಂದೇ: “ಕನ್ನಡಕ ಮನ್ಯಾಗ ಬಿಟ್ಟು ಬಂದೀನ್ರಿ.” ಕನ್ನಡಕ ಅವನಿಗೆ ಇರಲೇ ಇಲ್ಲ. ಬೋರ್ಡು ನೋಡಿ ಜನ ಶಾಭಾಸ್ ಎಂದಾಗ ಅವನು ಕೆಳತುಟಿ ಒಳಗೆಳೆದುಕೊಂಡು, ಎತ್ತಲೋ ನೋಡುತ್ತ ನಗುತ್ತಿದ್ದ. ಇನ್ನೊಂದು ಪ್ರಶ್ನೆ ಬಾರದಿರಲಿ ಎಂದು ಬೇಡುವ ನಗು ಅದು. ಹಾಗೇ ನಗುತ್ತ ನಗುತ್ತ ಅರವತ್ತೆಂಟಕ್ಕೆ ತೀರಿಕೊಂಡ. ಅವನ ಬ್ರಶ್ಶುಗಳು ಮಗಳಿಗೆ ಬಂದವು.

ಜನವರಿಯ ಮೊದಲ ವಾರ, ಹೆಡ್‌ಮಾಸ್ತರ ರಾಮಲಿಂಗ ಸರ್ ಕೋಣೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ಒಳ್ಳೆಯ ಸುದ್ದಿ ಹೇಳುವಾಗಲೂ ಅವರ ಮುಖ ಸಂತಾಪ ಸೂಚಿಸಲು ಬಂದವರ ಹಾಗಿರುತ್ತದೆ.

“ಟೀಚರ್, ಬರೋ ಸೋಮವಾರ ಬೆಳಗಾವಿಯ ತರಬೇತಿ ಆಫೀಸಿನಿಂದ ಪೂರ್ಣಿಮಾ ಮೇಡಂ ಬರಾಕತ್ತಾರ. ನಿಮ್ಮ ಕ್ಲಾಸ್ ನೋಡಾಕ. ಬ್ಯಾರೆ ಟೀಚರಗೋಳಿಗೆ ತರಬೇತಿ ಕೊಡಾಕ ಅವರಿಗೆ ಒಬ್ಬರು ಬೇಕಾಗ್ಯಾರ. ಮೂರು ವರ್ಷ ಬೆಳಗಾವ್ಯಾಗ. ಕ್ಲಾಸ್ ಚಲೋ ಕಂಡ್ರ ನಿಮ್ಮ ಹೆಸರ ಬರಿತಾರ.”

“ಕುರ್ಚಿ ಇರ್ತೈತೇನ್ರಿ ಸರ್ ಅಲ್ಲಿ?”

“ಕುರ್ಚಿ, ಟೇಬಲ್, ಫ್ಯಾನ್, ಎಲ್ಲಾ ಐತ್ರಿ. ನಿಮ್ಮ ಮನಿಯಿಂದ ಹತ್ತ ಮಿನಿಟದ ಹಾದಿ.”

ಆ ಸಂಜೆ ಬಸ್ಸಿನಲ್ಲಿ ಮುನವ್ವರಾ ಕಣ್ಣು ಮುಚ್ಚಿ ಆ ಕುರ್ಚಿಯನ್ನೇ ನೋಡಿದಳು. ಮರದ್ದು, ಕೈಗಳಿರುವಂಥದ್ದು. ಅವಳಿಗೆ ಪ್ರಶಸ್ತಿ ಬೇಕಿರಲಿಲ್ಲ, ಹಾರ ಬೇಕಿರಲಿಲ್ಲ. ಮೂರು ವರ್ಷ ಕಾಲು ಮಡಚದೆ ಕೂರುವುದಷ್ಟೇ ಬೇಕಿತ್ತು. ಮನೆಗೆ ಬಂದಾಗ, ನರ್ಸಿಂಗ್ ಓದುವ ಮಗಳು ಅಂಜುಮ ಮೊಣಕಾಲಿಗೆ ಪಟ್ಟಿ ಸುತ್ತಿ, ಬಿಳಿ ಅಂಟುಟೇಪಿನಿಂದ ಬಿಗಿದು, ಉಳಿದ ಟೇಪಿನ ಸುರುಳಿಯನ್ನು ತಾಯಿಯ ಬ್ಯಾಗಿಗೆ ಹಾಕಿದಳು.

“ಈ ಸಲ ಬಿಡಬ್ಯಾಡ ಅಮ್ಮಿ. ನಿನ್ನ ಕಾಲ ಇನ್ನ ಆ ನೆಲದ ಮ್ಯಾಲ ನಡ್ಯಾಂಗಿಲ್ಲ,” ಎಂದಳು.

ಮರುದಿನದಿಂದಲೇ ತಯಾರಿ. ಮೂಲೆ ಸವೆದ ನಾಲ್ಕೈದು ಕಾರ್ಡುಗಳನ್ನು ಹೊಸದಾಗಿ ಬರೆಯಬೇಕಿತ್ತು. ಅದರಲ್ಲಿ ಒಂದು ಮೂರನೇ ಇಯತ್ತೆಯ ನವಿಲಿನ ಕಾರ್ಡು. ಅದರ ಮೇಲೆ ಎಂಟು ಸಾಲಿನ ಕಥೆ, ಸಕ್ಕರೆ ಡಬ್ಬಿಯೊಳಗೆ ಹೋಗಿ ದಾರಿ ತಪ್ಪಿದ ಇರುವೆಯದು. ಬುಧವಾರ ಕಥೆ ಬರೆದು ಮುಗಿಸಿದಳು. ನವಿಲು ಬರೆಯುವ ಮೊದಲು ಅಕ್ಷರ ಆರಲಿ ಎಂದು ಕಾರ್ಡನ್ನು ಕಿಟಕಿಯಲ್ಲಿಟ್ಟಳು.

ಸೃಷ್ಟಿ ಕಾರ್ಡು ಹುಡುಕುತ್ತ ಅಲ್ಲಿಗೆ ಬಂದಳು. ಮೂರನೇ ಇಯತ್ತೆ, ಐದನೇ ತಟ್ಟೆ, ಏಣಿಯ ತುದಿ. ಅವ್ವ ಹಂಚಿನ ಭಟ್ಟಿಯಲ್ಲಿ ಮಣ್ಣು ಹೊರುತ್ತಾಳೆ, ಮನೆಯಲ್ಲಿ ಬರೀ ಮರಾಠಿ. ಅಂಥ ಹುಡುಗಿ ಎರಡೂವರೆ ವರ್ಷದಲ್ಲಿ ಗಡಗಡ ಕನ್ನಡ ಓದುವುದನ್ನು ಕಂಡು ಮುನವ್ವರಾ ಎಷ್ಟೋ ಸಲ ದಣಿವು ಮರೆತಿದ್ದಳು. ಸೋಮವಾರ ಮೇಡಂ ಎದುರು ಓದಿಸಬೇಕಾದವಳೂ ಅವಳೇ.

“ತಗೋ, ಹೊಸಾದು. ಓದಿ ತೋರ್ಸು,” ಎಂದು ಕಾರ್ಡು ಕೊಟ್ಟಳು.

ಹುಡುಗಿ ಕಾರ್ಡು ತಿರುವಿ ಹಿಂದೆ ನೋಡಿದಳು. ಮತ್ತೆ ಮುಂದೆ ನೋಡಿದಳು.

“ಟೀಚರ್, ಇದಕ್ಕ ಚಿತ್ರ ಇಲ್ಲ.”

“ಚಿತ್ರ ಆಮ್ಯಾಲ ಬರೀತೀನಿ. ಅಕ್ಷರ ಅದಾವಲ್ಲ, ಓದು.”

ಸೃಷ್ಟಿ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ ಕಣ್ಣು ಉಜ್ಜಿಕೊಂಡಳು. “ಕಣ್ಣಾಗ ಕಸ ಬಿದ್ದೈತ್ರಿ ಟೀಚರ್,” ಎಂದು ಕೆಳತುಟಿ ಒಳಗೆಳೆದುಕೊಂಡು, ಕಿಟಕಿಯ ಹೊರಗೆ ನೋಡಿ ನಕ್ಕಳು.

ಮುನವ್ವರಾ ಆ ನಗುವನ್ನು ಗುರುತಿಸಿದಳು. ನಲವತ್ತೈದು ವರ್ಷದ ಹಿಂದಿನ ನಗು ಅದು, ಬೀಡಿಯ ವಾಸನೆ ಒಂದು ಬಿಟ್ಟು ಎಲ್ಲ ಹಾಗೇ ಇತ್ತು.

ಅವಳು ಬ್ಯಾಗಿನಿಂದ ಮೊಣಕಾಲಿನ ಟೇಪು ತೆಗೆದು, ಹಳೆಯ ಹತ್ತು ಕಾರ್ಡುಗಳ ಮೂಲೆಯ ಚಿತ್ರಗಳ ಮೇಲೆ ಒಂದೊಂದು ತುಂಡು ಅಂಟಿಸಿದಳು. ಮೊಲ ಮುಚ್ಚಿತು, ಗಿಳಿ ಮುಚ್ಚಿತು, ಬಸ್ಸು ಮುಚ್ಚಿತು. ಸೃಷ್ಟಿಯನ್ನು ಕೂರಿಸಿ ಓದಿಸಿದಳು. ಬಸ್ಸಿನ ಕಾರ್ಡು ಹಿಡಿದು ಹುಡುಗಿ ಕೊಡೆಯ ಕಾರ್ಡಿನ ಪದ್ಯ ಹೇಳಿದಳು. ಒಂದು ಶಬ್ದ ತಪ್ಪಿಲ್ಲದೆ, ರಾಗವಾಗಿ ಹೇಳಿದಳು. ಅವಳ ಬಾಜು ಕೂರುತ್ತಿದ್ದ ದಾನೇಶ್ವರಿ ದಿನಾ ಗಟ್ಟಿಯಾಗಿ ಓದುತ್ತಿದ್ದಳು. ಗೆಳತಿ ಗೆಳತಿಗೆ ಸಹಾಯ ಮಾಡಬೇಕೆಂಬುದೇ ನಿಯಮ. ಸೃಷ್ಟಿ ಕೇಳಿ ಕೇಳಿ ಬಾಯಿಪಾಠ ಮಾಡಿ, ಯಾವ ಪಾಠ ಯಾವ ಚಿತ್ರಕ್ಕೆ ಎಂದು ನೆನಪಿಟ್ಟುಕೊಂಡಿದ್ದಳು. ಪ್ರತಿ ಸಲ ಮುನವ್ವರಾ ಒಂದನೇ ತಟ್ಟೆಯಿಂದಲೇ ತಿರುಗಿ, ದೂರದಿಂದ ಕೇಳಿ, “ಶಾಣ್ಯಾ, ಗುರುತು ಹಾಕ್ಕೋ” ಎಂದಿದ್ದಳು.

ಒಬ್ಬಳೇ ಇರಲಿ ದೇವರೇ ಎಂದುಕೊಂಡು ಉಳಿದವರನ್ನೂ ನೋಡಿದಳು. ಗುರುವಾರ ಪೂರ್ತಿ, ಶುಕ್ರವಾರ ಅರ್ಧ ದಿನ ಹಿಡಿಯಿತು. ಇಪ್ಪತ್ತೆಂಟರಲ್ಲಿ ಹನ್ನೊಂದು ಮಕ್ಕಳು ಚಿತ್ರ ಓದುತ್ತಿದ್ದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳೂ ಅನ್ನಬಹುದಿತ್ತು. ಪದ್ಧತಿ ಸರಿಯಿಲ್ಲ, ಮಕ್ಕಳು ಬಹಳ, ಮನೆಯ ಭಾಷೆ ಬೇರೆ. ಎಲ್ಲವೂ ಖರೆಯೇ. ಆದರೆ ಗುಂಡಿಯಷ್ಟಿದ್ದ ಚಿತ್ರವನ್ನು ಅಂಗೈಯಷ್ಟು ಮಾಡಿದವರು ಯಾರು? ಏಳು ಬಣ್ಣದ ನವಿಲು ಬರೆದು, ಅದರ ಪಕ್ಕದ ಕಪ್ಪು ಅಕ್ಷರಗಳನ್ನು ಯಾವ ಮಗು ನೋಡೀತು ಎಂದು ಒಮ್ಮೆಯಾದರೂ ಯೋಚಿಸದವರು ಯಾರು? ಅಪ್ಪನನ್ನು ಅಷ್ಟು ಹತ್ತಿರದಿಂದ ಕಂಡವಳಿಗೇ ಇದು ತಿಳಿಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟು ಕೂಡ ಬಹಳ ಹೊತ್ತು ನಿಲ್ಲಲಿಲ್ಲ, ಅಷ್ಟು ದಣಿದಿದ್ದಳು.

ರಾಮಲಿಂಗ ಸರ್‌ಗೆ ಹೇಳಿದಳು. ಅವರು ಟೇಪು ಅಂಟಿದ ಕಾರ್ಡುಗಳನ್ನು ನೋಡಿ ತಲೆ ಕೆರೆದುಕೊಂಡರು.

“ಟೀಚರ್, ಸೋಮವಾರ ಒಂದ ದಿವಸ ಈ ಟೇಪ ಕಿತ್ತ ಬಿಡ್ರಿ. ಮಂಗಳವಾರದಿಂದ ಏನ ಬೇಕಾದ್ ಮಾಡ್ರಿ. ಯಾರಿಗೇನ ಲುಕ್ಸಾನ?”

“ನಾ ಹೋದ ಮ್ಯಾಲ ಆ ಹನ್ನೊಂದ ಮಂದಿಗೆ ಯಾರ್ರಿ ಸರ್?”

“ಯಾರರೆ ಬರ್ತಾರ್ರಿ. ಸಾಲಿ ಮುಚ್ಚತೈತೇನ ನೀವಿಲ್ಲಂದ್ರ?”

ಆ ಮಾತಿನಿಂದ ಅವಳಿಗೆ ನೋವಾಗಬೇಕಿತ್ತು, ಸಮಾಧಾನವಾಯಿತು. ಹೌದಲ್ಲ, ಯಾರಾದರೂ ಬರುತ್ತಾರೆ. ಸೋಮವಾರ ಬೆಳಿಗ್ಗೆ ಬಸ್ಸು ಕಿಕ್ಕಿರಿದಿತ್ತು. ದೇಸೂರಿನಲ್ಲೂ ಸೀಟು ಸಿಗಲಿಲ್ಲ. ಖಾನಾಪುರದವರೆಗೆ ನಿಂತೇ ಬಂದಳು. ಸಾಲಿಗೆ ಬಂದವಳೇ ಬ್ಯಾಗು ಇಟ್ಟು ಕಾರ್ಡುಗಳ ಮೇಲಿನ ಟೇಪನ್ನು ಒಂದೊಂದಾಗಿ ಕಿತ್ತಳು. ನವಿಲನ್ನು ಹಿಂದಿನ ಶನಿವಾರವೇ ಬರೆದು ಮುಗಿಸಿದ್ದಳು, ಯಾವತ್ತಿಗಿಂತ ಚಂದ ಬಂದಿತ್ತು. ಹನ್ನೊಂದು ಮಕ್ಕಳನ್ನೂ ಮೊದಲಿನ ತಟ್ಟೆಗಳಲ್ಲೇ ಕೂರಿಸಿದಳು. ಇದನ್ನು ಮರೆಮಾಚಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳಿಗೆ ಆ ಕುರ್ಚಿ ಬೇಕಿತ್ತು.

ಪೂರ್ಣಿಮಾ ಮೇಡಂ ಒಳ್ಳೆಯವರು. ಗತ್ತಿಲ್ಲ, ಚಪ್ಪಲಿ ಬಿಟ್ಟು ಒಳಬಂದು ಮಕ್ಕಳ ನಡುವೆ ನೆಲದ ಮೇಲೇ ಕುಳಿತರು. ಒಂದೂವರೆ ತಾಸು ನೋಡಿದರು. ಆ ದಿನ ಕಪ್ಪೆಗಳೂ ತಕ್ಕಡಿಯಲ್ಲಿ ಕುಳಿತವು, ಯಾರೂ ಜುಟ್ಟು ಜಗ್ಗಲಿಲ್ಲ. ಮೇಡಂ ಕಾರ್ಡುಗಳನ್ನು ಎತ್ತಿ ಎತ್ತಿ ನೋಡಿ, ಐದನೇ ತಟ್ಟೆಗೆ ಬಂದು, ನವಿಲಿನ ಕಾರ್ಡನ್ನು ಸೃಷ್ಟಿಯ ಕೈಗೆ ಕೊಟ್ಟರು.

ಸೃಷ್ಟಿ ಎದ್ದು ನಿಂತು ಓದಿದಳು. ಎಂಟು ಸಾಲು, ಬೆರಳಿಟ್ಟು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಓದಿದಳು. ಇರುವೆ ಡಬ್ಬಿಯಿಂದ ಹೊರಬಂದಾಗ ಮೇಡಂ ಚಪ್ಪಾಳೆ ತಟ್ಟಿದರು.

“ಮನ್ಯಾಗ ಮರಾಠಿ ಅಂತ ಅಂದ್ರಿ, ಹೌದಲ್ರಿ? ಟೀಚರ್, ನಾಲ್ಕ ವರ್ಷದಾಗ ಇಂಥಾ ಕ್ಲಾಸ್ ನಾ ನೋಡಿಲ್ಲ. ಶಾಭಾಸ್ ಪುಟ್ಟಿ. ಓದಾಕ ಹ್ಯಾಂಗ ಕಲ್ತಿ?”

ಸೃಷ್ಟಿ ಕೆಳತುಟಿ ಒಳಗೆಳೆದುಕೊಂಡು, ಎತ್ತಲೋ ನೋಡುತ್ತ ನಕ್ಕಳು. ಆಮೇಲೆ ಮೆಲ್ಲಗೆ ಟೀಚರ್ ಕಡೆ ತಿರುಗಿ ನೋಡಿದಳು. ನಿಮಗಾಗಿ ಸರಿಯಾಗಿ ಹೇಳಿದೆನಲ್ಲ, ಇನ್ನು ಸಾಕು ಮಾಡಿಸಿ ಎನ್ನುವ ಹಾಗೆ.

ಮುನವ್ವರಾಳಿಗೆ ಬಜಾರದ ಬೋರ್ಡುಗಳೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಇವತ್ತು ಸುಮ್ಮನಿದ್ದರೆ ಈ ಹುಡುಗಿ ಅಪ್ಪನ ಹಾಗೆ ಅರವತ್ತೆಂಟರವರೆಗೂ ಹೀಗೇ ನಗುತ್ತಾಳೆ.

“ಮೇಡಂ,” ಎಂದಳು. “ಆಕಿಗೆ ಇನ್ನೂ ಓದಾಕ ಬರಾಂಗಿಲ್ರಿ. ನೆನಪ ಇಟ್ಟಾಳ. ಚಿತ್ರ ನೋಡಿ ಹೇಳತಾಳ. ಹಿಂಗ ಹನ್ನೊಂದು ಮಂದಿ ಅದಾರ. ತಪ್ಪ ಆಕೀದಲ್ರಿ, ನನ್ನದು.”

ಬಾಗಿಲಲ್ಲಿದ್ದ ರಾಮಲಿಂಗ ಸರ್ ಮುಖಕ್ಕೆ ಈಗ ಸರಿಯಾದ ಸಂದರ್ಭ ಸಿಕ್ಕಿತ್ತು. ಮೇಡಂ ನೆಲದ ಮೇಲಿದ್ದ ಕಾರ್ಡು ಎತ್ತಿ ತಿರುವಿದರು, ನವಿಲನ್ನು ನೋಡಿದರು, ಗೋಡೆಯ ಏಣಿ ನೋಡಿದರು. ಆಮೇಲೆ, “ನೀವ ಹೇಳಿದ್ದು ಚಲೋ ಆತ್ರಿ ಟೀಚರ್,” ಎಂದರು. “ಆದ್ರ ಇದನ್ನ ನಾ ವರದಿಯೊಳಗ ಹ್ಯಾಂಗ ಬರೀಲಿ? ಮಾದರಿ ಕ್ಲಾಸ್ ಅಂತ ಬಂದಿದ್ದೆ ನಾ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅವರೂ ದಣಿದಿದ್ದರು. ಚಹಾ ಕುಡಿದು ಹೋದರು. ವಾರದೊಳಗೆ ಆ ಜಾಗಕ್ಕೆ ಬೇರೆ ತಾಲೂಕಿನ ಯಾರದೋ ಹೆಸರು ಬಂತು.

ಆದರೆ ಆ ದಿನ ಮುನವ್ವರಾಳನ್ನು ಕೊಂದದ್ದು ಕುರ್ಚಿ ಹೋದದ್ದಲ್ಲ. ಅವಳು ಆ ಮಾತು ಹೇಳಿದ ಕ್ಷಣ ಸೃಷ್ಟಿ ಕಾರ್ಡನ್ನು ನೆಲದ ಮೇಲಿಟ್ಟು, ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟಿದ್ದಳು. ಎಲ್ಲರೆದುರು ಹೇಳಿಬಿಟ್ಟಿದ್ದಳು. ಅಪ್ಪನ ಗುಟ್ಟನ್ನು ಇಷ್ಟು ವರ್ಷ ಕಾಯ್ದವಳು, ಈ ಕೂಸಿನ ಗುಟ್ಟನ್ನು ಒಂದು ನಿಮಿಷ ಕಾಯಲಿಲ್ಲ. ಮೇಡಂ ಅವರನ್ನು ಹೊರಗೆ ಕರೆದು ಹೇಳಬಹುದಿತ್ತಲ್ಲ. ಹೊಳೆಯಲಿಲ್ಲ. ದಣಿದವರಿಗೆ ಒಳ್ಳೆಯ ದಾರಿ ಯಾವಾಗಲೂ ತಡವಾಗಿ ಹೊಳೆಯುತ್ತದೆ.

ಮಂಗಳವಾರ ಅವಳು ಎಲ್ಲ ಚಿತ್ರಗಳ ಮೇಲೆ ಮತ್ತೆ ಟೇಪು ಅಂಟಿಸಿದಳು. ಸುರುಳಿ ಸಾಲಲಿಲ್ಲ, ಔಷಧ ಅಂಗಡಿಯಿಂದ ಇನ್ನೊಂದು ತಂದಳು. ನವಿಲಿನ ಮೇಲೆ ಅಂಟಿಸುವಾಗ ಮಾತ್ರ ಕೈ ಸ್ವಲ್ಪ ತಡೆಯಿತು. ಹನ್ನೊಂದು ಮಕ್ಕಳನ್ನು ಒಂದನೇ ತಟ್ಟೆಗೆ ಕರೆದಳು, ಹತ್ತು ಮಂದಿ ಬಂದರು. ಸೃಷ್ಟಿ ಗೋಡೆಯ ಹತ್ತಿರವೇ ಕುಳಿತಳು. ಬುಧವಾರವೂ ಬರಲಿಲ್ಲ, ದಾನೇಶ್ವರಿ ಕೈಹಿಡಿದು ಎಳೆದರೂ ಬರಲಿಲ್ಲ. ಗುರುವಾರ ಸಾಲಿಗೇ ಬರಲಿಲ್ಲ. ಮುನವ್ವರಾ ಉಳಿದವರಿಗೆ ‘ರ’ದಿಂದ ಶುರುಮಾಡಿದ್ದಳು. ಆಚೆ ನಾಲ್ಕು ತಟ್ಟೆಗಳಲ್ಲಿ ಗದ್ದಲವೋ ಗದ್ದಲ. ಲೆಕ್ಕ ಹಾಕಿದರೆ ವರ್ಷ ಮುಗಿಯಲು ಮೂರು ತಿಂಗಳೂ ಉಳಿದಿರಲಿಲ್ಲ. ಎಲ್ಲರೂ ಓದುವಂತಾಗುತ್ತಾರೆ ಎಂದು ಅವಳು ಯಾರಿಗೂ ಮಾತು ಕೊಡುವ ಹಾಗಿರಲಿಲ್ಲ, ತನಗೂ ಕೂಡ.

ಶುಕ್ರವಾರ ಊಟದ ಗಂಟೆ ಹೊಡೆಯಿತು. ಮಕ್ಕಳೆಲ್ಲ ತಾಟು ಹಿಡಿದು ಓಡಿದರು. ಮುನವ್ವರಾ ಕಷ್ಟಪಟ್ಟು ಎದ್ದು, ಕಿಟಕಿಯ ಕಟ್ಟೆಗೆ ಒರಗಿ ನಿಂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಹಿಂದಿನಿಂದ ಸೆರಗು ಜಗ್ಗಿದಂತಾಯಿತು.

ಸೃಷ್ಟಿ ನಿಂತಿದ್ದಳು. ಕೈಯಲ್ಲಿ ನವಿಲಿನ ಕಾರ್ಡು. ಟೇಪಿನ ಅಂಚನ್ನು ಉಗುರಿನಿಂದ ಕೆರೆದ ಗುರುತಿತ್ತು, ಆದರೆ ಕಿತ್ತಿರಲಿಲ್ಲ. ಟೀಚರ್ ಮುಖ ನೋಡದೆ, ಮೊದಲ ಸಾಲಿನ ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು. ಅವಳಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅದಕ್ಕೇ ಇರಬೇಕು, ಕನ್ನಡದಲ್ಲಿ ಕೇಳಲಿಲ್ಲ.

“ಹೇ ಕಾಯ?” ಎಂದಳು. ಇದೇನು?

ಎರಡೂವರೆ ವರ್ಷದಲ್ಲಿ ಆ ಹುಡುಗಿ ಟೀಚರ್‌ಗೆ ಕೇಳಿದ ಮೊದಲ ಪ್ರಶ್ನೆ ಅದು. ಬೋರ್ಡು ಬರೆಯುತ್ತಲೇ ಜೀವ ಸವೆಸಿದ ಮದಾರಸಾಬ ತನ್ನ ಮಗಳ ಹೊರತು ಇನ್ನೊಬ್ಬರಿಗೆ ಕೇಳಲಾರದೆ ಹೋದ ಪ್ರಶ್ನೆಯೂ ಅದೇ. ಮುನವ್ವರಾ ಈಗತಾನೆ ಎದ್ದಿದ್ದಳು, ಮೊಣಕಾಲು ಚಳಕು ಹೊಡೆಯುತ್ತಿತ್ತು, ಹಸಿವೂ ಆಗಿತ್ತು.

“ಬಾ, ಹೇಳತೀನಿ,” ಎಂದು ಗೋಡೆ ಹಿಡಿದು, ಒಂದು ಕಾಲನ್ನು ಮುಂದೆ ಚಾಚಿ, ಅವಳು ಮತ್ತೆ ನೆಲಕ್ಕೆ ಕುಳಿತಳು.